ಎಂಟು ತಾಸು ಮಲಗಿದರೂ ಇಳಿಯದ ದಣಿವು

ಏಪ್ರಿಲ್ ತಿಂಗಳ ಮುಂಜಾನೆ ಕಲಬುರಗಿಯ ಯಾವುದೇ ಚಹಾದಂಗಡಿಯ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ರಾತ್ರಿ ಪೂರಾ ಮಲಗೀನ್ರಿ, ಆದ್ರೂ ಮೈ ಭಾರ ಹಂಗೇ ಅದ.’ ಹತ್ತು ಗಂಟೆಗೆ ಮಲಗಿ ಆರಕ್ಕೆ ಎದ್ದವರ ಮಾತಿದು. ಲೆಕ್ಕ ಹಾಕಿದರೆ ಎಂಟು ತಾಸು ತುಂಬಿದೆ. ಆದರೆ ಕಣ್ಣು ಉರಿಯುತ್ತದೆ, ಕಾಲು ಸೋಲುತ್ತವೆ, ಮಧ್ಯಾಹ್ನವಾಗುವಷ್ಟರಲ್ಲಿ ತಲೆ ತೂಗಲಾರಂಭಿಸುತ್ತದೆ. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವವರೇ ಹೆಚ್ಚು. ವಾಸ್ತವವಾಗಿ ಈ ದಣಿವಿನ ಹಿಂದೆ ಬಿಸಿಲು ನಾಡಿನ ಹವೆಯೂ ಇದೆ, ಮನೆ ಕಟ್ಟುವ ರೀತಿಯೂ ಇದೆ, ಗಡಿಯಾರದ ಚರಿತ್ರೆಯೂ ಇದೆ.

ನಿದ್ರೆಯನ್ನು ತಾಸುಗಳಲ್ಲಿ ಅಳೆಯುವುದು ರೂಢಿ. ಆದರೆ ಇಡೀ ರಾತ್ರಿಯ ನಿದ್ರೆ ಒಂದೇ ತೆರನಾದುದಲ್ಲ. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ ಸಂಶೋಧನೆ ಈ ತಿಳಿವಳಿಕೆಗೆ ದಾರಿ ತೆರೆಯಿತು. ಮಲಗಿದವನ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ವೇಗವಾಗಿ ಚಲಿಸುವುದನ್ನು ಅವರು ಗುರುತಿಸಿದರು. ಹಗುರ ನಿದ್ರೆ, ಗಾಢ ನಿದ್ರೆ, ಕನಸಿನ ನಿದ್ರೆ ಇವು ಸುಮಾರು ಒಂದೂವರೆ ತಾಸಿಗೊಂದು ಸುತ್ತಿನಂತೆ ಬಂದು ಹೋಗುತ್ತವೆ ಎಂಬುದು ಮುಂದೆ ಸ್ಪಷ್ಟವಾಯಿತು. ದೇಹ ಚೇತರಿಸಿಕೊಳ್ಳುವುದು ಮುಖ್ಯವಾಗಿ ಗಾಢ ನಿದ್ರೆಯಲ್ಲಿ. ಅದು ಕಡಿಮೆಯಾದರೆ ಹಾಸಿಗೆಯ ಮೇಲೆ ಎಷ್ಟು ತಾಸು ಕಳೆದರೂ ದಣಿವು ಹಾಗೆಯೇ ಉಳಿಯುತ್ತದೆ.

ಇಲ್ಲಿಯೇ ಸೆಖೆಯ ಪಾತ್ರ ಬರುತ್ತದೆ. ನಿದ್ರೆಗೆ ಇಳಿಯುವಾಗ ದೇಹದ ಒಳಗಿನ ಉಷ್ಣತೆ ಸುಮಾರು ಒಂದು ಡಿಗ್ರಿಯಷ್ಟು ಇಳಿಯಬೇಕು. ಅಂಗೈ, ಅಂಗಾಲುಗಳ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತವೆ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಈ ಬಿಸಿ ಹೋಗುವುದಾದರೂ ಎಲ್ಲಿಗೆ? ಕನಸಿನ ನಿದ್ರೆಯಲ್ಲಂತೂ ದೇಹದ ಉಷ್ಣ ನಿಯಂತ್ರಣ ಬಹಳಷ್ಟು ಸಡಿಲವಾಗಿರುತ್ತದೆ. ಹೀಗಾಗಿ ಸೆಖೆಯ ರಾತ್ರಿಯಲ್ಲಿ ಮಲಗಿದವನು ಮತ್ತೆ ಮತ್ತೆ ಅರೆ ಎಚ್ಚರಗೊಳ್ಳುತ್ತಾನೆ. ಆ ಎಚ್ಚರ ಎಷ್ಟೋ ಸಲ ಕ್ಷಣಕಾಲದ್ದು, ಬೆಳಿಗ್ಗೆ ನೆನಪೂ ಇರುವುದಿಲ್ಲ. ‘ಪೂರಾ ಮಲಗೀನಿ’ ಎಂದು ಆತ ಹೇಳುವುದು ಸುಳ್ಳಲ್ಲ. ನಿದ್ರೆ ಮಾತ್ರ ಪೂರಾ ಆಗಿರುವುದಿಲ್ಲ.

ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆ ತಿಂಗಳ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನಡುನೆತ್ತಿಯ ಮೇಲೆಯೇ ಬರುತ್ತಾನೆ. ಈ ಹವೆಯ ಕಷ್ಟ ಇಂದಿನದಲ್ಲ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ ಕಲಬುರಗಿಯನ್ನೇ ರಾಜಧಾನಿ ಮಾಡಿಕೊಂಡಿತ್ತು. 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಶಾ ರಾಜಧಾನಿಯನ್ನು ಬೀದರ್‌ಗೆ ಸಾಗಿಸಿದ. ಅದಕ್ಕೆ ರಾಜಕೀಯ ಕಾರಣಗಳೂ ಇದ್ದವು. ಆದರೆ ಸುಮಾರು ಇನ್ನೂರು ಮೀಟರ್ ಹೆಚ್ಚು ಎತ್ತರದಲ್ಲಿರುವ ಬೀದರ್‌ನ ಹಿತವಾದ ಹವೆಯನ್ನೂ ಇತಿಹಾಸಕಾರರು ಒಂದು ಕಾರಣವೆಂದು ಹೇಳುತ್ತಾರೆ. ಅರಸನಿಗೆ ತಂಪಿನ ಕಡೆ ಹೋಗಲು ಸಾಧ್ಯವಾಯಿತು. ಪ್ರಜೆಗಳು ಇದ್ದಲ್ಲಿಯೇ ತಂಪು ಹುಡುಕಿಕೊಳ್ಳಬೇಕಾಯಿತು.

ಅವರು ಅದನ್ನು ಎರಡು ಬಗೆಯಲ್ಲಿ ಹುಡುಕಿಕೊಂಡರು. ಮೊದಲನೆಯದು ಮನೆ. ಹಳೆಯ ಮನೆಗಳ ಗೋಡೆ ದಪ್ಪ, ಮಾಳಿಗೆ ಮಣ್ಣಿನದು. ಬೆಳಕಿಂಡಿಯ ಮೂಲಕ ಬಿಸಿ ಗಾಳಿ ಮೇಲಕ್ಕೆ ಹೋಗುತ್ತಿತ್ತು. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಮಧ್ಯಾಹ್ನವೂ ತಣ್ಣಗಿರುತ್ತಿತ್ತು. ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ, ಕೌದಿ ಹಾಸಿ ಬಯಲಿನಲ್ಲೇ ಮಲಗುವುದು ರೂಢಿಯಾಗಿತ್ತು. ತೆರೆದ ಆಕಾಶದ ಕೆಳಗೆ ದೇಹದ ಬಿಸಿ ಬೇಗ ಹೋಗುತ್ತದೆ. ಮಾಳಿಗೆಯ ಮೇಲೆ ಮಲಗಿದವರಿಗೆ ನಸುಕಿನ ತಂಪಿನಲ್ಲಿ ಒಂದಿಷ್ಟಾದರೂ ಗಾಢ ನಿದ್ರೆ ದಕ್ಕುತ್ತಿತ್ತು.

ಎರಡನೆಯದು ಮಧ್ಯಾಹ್ನದ ನಿದ್ರೆ. ಪ್ರಾಚೀನ ವೈದ್ಯಗ್ರಂಥವಾದ ಚರಕ ಸಂಹಿತೆ ಆಹಾರದ ಜತೆಗೆ ನಿದ್ರೆಯನ್ನೂ ದೇಹದ ಮೂರು ಆಧಾರಗಳಲ್ಲಿ ಒಂದೆಂದು ಎಣಿಸುತ್ತದೆ. ಹಗಲು ನಿದ್ರೆ ಒಳ್ಳೆಯದಲ್ಲ ಎನ್ನುವ ಅದೇ ಗ್ರಂಥ ಗ್ರೀಷ್ಮ ಋತುವಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಆಗ ರಾತ್ರಿ ಚಿಕ್ಕದು, ದೇಹ ಒಣಗಿರುತ್ತದೆ ಎಂಬುದು ಅದರ ವಿವರಣೆ. ಯುರೋಪಿನ ಬಿಸಿಲು ದೇಶವಾದ ಸ್ಪೇನ್‌ನಲ್ಲಿಯೂ ಇಂಥದೇ ಪದ್ಧತಿ ಬೆಳೆಯಿತು. ಅಲ್ಲಿನ ‘ಸಿಯೆಸ್ತಾ’ ಎಂಬ ಹೆಸರು ಬಂದಿರುವುದು ಹಗಲಿನ ಆರನೇ ತಾಸು ಎಂಬರ್ಥದ ಲ್ಯಾಟಿನ್ ಪದದಿಂದ. ಬಿಸಿಲ ನಾಡಿನ ಜನ ರಾತ್ರಿಯ ಕೊರತೆಯನ್ನು ಹಗಲಿನಲ್ಲಿ ತುಂಬಿಕೊಂಡರು ಎನ್ನಬಹುದು.

ಹಳ್ಳಿಗಳ ಬೇಸಾಯವೂ ಇದಕ್ಕೆ ಹೊಂದಿಕೊಂಡಿತ್ತು. ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಈ ಬಾಳೆ ವರ್ಷಕ್ಕೂ ಹೆಚ್ಚು ಕಾಲ ತೋಟದಲ್ಲಿ ನಿಲ್ಲುವ ಬೆಳೆ. ಬೇಸಿಗೆ ಪೂರ್ತಿ ಅದಕ್ಕೆ ನೀರು ಬೇಕು. ಬೇಸಿಗೆಯಲ್ಲಿ ನಸುಕಿಗೇ ಹೊಲಕ್ಕೆ ಇಳಿದು, ಬಿಸಿಲೇರಿದ ಮೇಲೆ ಗಿಡದ ನೆರಳಿನಲ್ಲಿ ಒರಗಿ, ಹೊತ್ತು ಇಳಿದ ಮೇಲೆ ಮತ್ತೆ ಕೆಲಸಕ್ಕೆ ಏಳುವುದು ಈ ಸೀಮೆಯ ರೈತರ ಹಳೆಯ ಕ್ರಮ. ಪಂಪ್‌ಸೆಟ್ ಬಂದ ಮೇಲೆ ಈ ಕ್ರಮ ಕೆಟ್ಟಿತು. ತ್ರಿಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಎದ್ದು ಹೋಗಬೇಕು. ಮನೆಗೆ ಮರಳಿ ಬೆಳಗಿನ ತನಕ ಮಲಗಿದರೂ ಒಡೆದ ನಿದ್ರೆ ಕೂಡಿಕೊಳ್ಳುವುದಿಲ್ಲ.

ನಗರದಲ್ಲಿ ಈ ಬದಲಾವಣೆ ಇನ್ನೂ ಮೊದಲೇ ಆರಂಭವಾಗಿತ್ತು. ಮುಂಬೈ ಕಡೆಯಿಂದ ಬಂದ ರೈಲುಮಾರ್ಗ ಕಲಬುರಗಿಯನ್ನು ದಾಟಿ 1871ರಲ್ಲಿ ರಾಯಚೂರು ತಲುಪಿ, ಮದರಾಸಿನ ಮಾರ್ಗದೊಂದಿಗೆ ಕೂಡಿಕೊಂಡಿತು. ಸೂರ್ಯನನ್ನು ನೋಡಿ ಹೊತ್ತು ತಿಳಿಯುತ್ತಿದ್ದ ಊರಿಗೆ ರೈಲಿನೊಂದಿಗೆ ನಿಮಿಷದ ಲೆಕ್ಕ ಬಂತು. ನಿಜಾಮ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, 19ನೇ ಶತಮಾನದ ಕೊನೆಯ ಭಾಗದಲ್ಲಿ, ಅವರದೇ ಹೆಸರಿನ ಮಹಬೂಬ್ ಶಾಹಿ ಬಟ್ಟೆ ಗಿರಣಿ ಆರಂಭವಾಯಿತು. ಗಿರಣಿ ಈಗ ನಿಂತುಹೋಗಿದೆ. ‘ಎಂ.ಎಸ್.ಕೆ. ಮಿಲ್’ ಎಂಬ ಬಡಾವಣೆಯ ಹೆಸರಾಗಿ ಅದು ಉಳಿದಿದೆ. ಗಿರಣಿಯ ದುಡಿಮೆಗೆ ಬಿಸಿಲು, ನೆರಳಿನ ಹಂಗಿಲ್ಲ. ಮಗ್ಗ ನಿಲ್ಲದಿದ್ದರೆ ಮಧ್ಯಾಹ್ನದ ನಿದ್ರೆಯೂ ಇಲ್ಲ.

1906ರ ಜನವರಿ 1ರಂದು ಭಾರತದ ಪ್ರಮಾಣ ಸಮಯ ಜಾರಿಗೆ ಬಂತು. ಅದರ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಕಲಬುರಗಿ ಇರುವುದು ಸುಮಾರು 76.8 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಎಂದರೆ ಕಲಬುರಗಿಯ ಸೂರ್ಯ ಗಡಿಯಾರಕ್ಕಿಂತ ಸರಾಸರಿ 23 ನಿಮಿಷ ಹಿಂದಿರುತ್ತಾನೆ. ಆರು ಗಂಟೆಗೆ ಅಲಾರಂ ಹೊಡೆದಾಗ ಸೂರ್ಯನ ಲೆಕ್ಕದಲ್ಲಿ ಇನ್ನೂ ಐದೂ ಮೂವತ್ತೇಳು. ಈ ವ್ಯತ್ಯಾಸ ದೊಡ್ಡದಲ್ಲ ನಿಜ. ಆದರೆ ಬೇಸಿಗೆಯಲ್ಲಿ ಮನೆ ತಣ್ಣಗಾಗುವುದೇ ನಸುಕಿನಲ್ಲಿ. ಆ ಹೊತ್ತಿನ ಅರ್ಧ ತಾಸು ನಡುರಾತ್ರಿಯ ಎರಡು ತಾಸಿಗೆ ಸಮ ಎಂಬುದು ಸೆಖೆಯಲ್ಲಿ ಹೊರಳಾಡಿದ ಯಾರಿಗಾದರೂ ಗೊತ್ತು.

ಕೊನೆಯದಾಗಿ ಬದಲಾದದ್ದು ಛಾವಣಿ. ಮಣ್ಣಿನ ಮಾಳಿಗೆಯ ಜಾಗಕ್ಕೆ ಸಿಮೆಂಟ್ ಕಾಂಕ್ರೀಟ್ ಬಂತು. ತೆಳುವಾದ ಕಾಂಕ್ರೀಟ್ ಛಾವಣಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಸೀಲಿಂಗ್ ಫ್ಯಾನ್ ಅದೇ ಬಿಸಿ ಗಾಳಿಯನ್ನು ತಿರುಗಿಸುತ್ತದೆ. ಸೊಳ್ಳೆಯ ಕಾಟ, ಕಳ್ಳರ ಭಯದಿಂದ ಮಾಳಿಗೆಯ ಮೇಲೆ ಮಲಗುವವರೂ ಕಡಿಮೆಯಾದರು. ಎಂಟು ತಾಸು ಅಷ್ಟೇ ಇದೆ, ಅದರೊಳಗಿನ ತಂಪು ಕರಗಿದೆ.

ಇದನ್ನು ಆಡಳಿತ ಒಂದು ಮಟ್ಟಿಗೆ ಒಪ್ಪಿಕೊಂಡಿದೆ ಎಂಬುದು ಗಮನಾರ್ಹ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಇದೆ. ಇದು ಹಳೆಯ ಮಧ್ಯಾಹ್ನದ ನಿದ್ರೆಗೆ ಸರ್ಕಾರಿ ಮುದ್ರೆ ಇದ್ದಂತೆ. ಆದರೆ ಈ ಸೌಲಭ್ಯ ಗುಮಾಸ್ತನಿಗೆ ಸಿಕ್ಕಷ್ಟು ಗೌಂಡಿಗೆ, ಹಮಾಲನಿಗೆ, ಅಂಗಡಿಯ ಹುಡುಗನಿಗೆ ಸಿಗುವುದಿಲ್ಲ. ಹೊರಗೂ ಮನೆಯಲ್ಲೂ ದುಡಿಯುವ ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ತಗಡಿನ ಮನೆಯಲ್ಲಿ ರಾತ್ರಿ ಕಳೆಯುವವರೂ ಬಹುಮಟ್ಟಿಗೆ ಇವರೇ.

ಮುಂದಿನ ದಿನಗಳು ಇನ್ನೂ ಕಠಿಣವಾಗುವಂತಿವೆ. 68 ದೇಶಗಳ 47 ಸಾವಿರಕ್ಕೂ ಹೆಚ್ಚು ಜನರ ನಿದ್ರೆಯನ್ನು ಮಣಿಕಟ್ಟಿನ ಪಟ್ಟಿಗಳಿಂದ ಅಳೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಸೆಖೆಯ ರಾತ್ರಿಗಳಿಂದಾಗಿ ಮನುಷ್ಯ ವರ್ಷಕ್ಕೆ ಸರಾಸರಿ 44 ತಾಸು ನಿದ್ರೆ ಕಳೆದುಕೊಳ್ಳುತ್ತಿದ್ದಾನೆ ಎಂದು ಅದು ಅಂದಾಜಿಸಿತು. ವೃದ್ಧರಿಗೆ, ಮಹಿಳೆಯರಿಗೆ, ಬಡ ದೇಶಗಳ ಜನರಿಗೆ ನಷ್ಟ ಹೆಚ್ಚು. ಭಾರತೀಯ ಹವಾಮಾನ ಇಲಾಖೆಯೂ ಹಗಲಿನ ಬಿಸಿಗಾಳಿಯ ಜತೆಗೆ ‘ಬೆಚ್ಚಗಿನ ರಾತ್ರಿ’ಯ ಎಚ್ಚರಿಕೆ ಕೊಡುತ್ತದೆ. ಹಗಲು 40 ಡಿಗ್ರಿ ಇದ್ದು, ರಾತ್ರಿಯ ಕನಿಷ್ಠ ಉಷ್ಣತೆ ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಏರಿದರೆ ಅಂಥ ರಾತ್ರಿ ಈ ಲೆಕ್ಕಕ್ಕೆ ಬರುತ್ತದೆ.

ಹಾಗೆಂದು ಎಲ್ಲ ದಣಿವನ್ನೂ ಬಿಸಿಲಿನ ಮೇಲೆ ಹೊರಿಸುವಂತಿಲ್ಲ. ಮಳೆಗಾಲ ಬಂದರೂ, ಚಳಿ ಬಂದರೂ ಇಳಿಯದ ದಣಿವಿಗೆ ಕಾರಣ ಬೇರೆ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಥೈರಾಯ್ಡ್ ದೋಷ, ಮಧುಮೇಹ, ಗೊರಕೆಯೊಂದಿಗೆ ಉಸಿರು ಕಟ್ಟುವ ತೊಂದರೆಗಳೂ ಇದೇ ಲಕ್ಷಣ ತೋರುತ್ತವೆ. ಅಂಥವರು ವೈದ್ಯರನ್ನು ಕಾಣುವುದೇ ಸರಿ.

ಬೇಸಿಗೆಯ ದಣಿವಿಗೆ ಮಾತ್ರ ಹಿಂದಿನವರ ಉತ್ತರ ಇಂದಿಗೂ ಹಳತಾಗಿಲ್ಲ. ಛಾವಣಿಗೆ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ. ಗಾಳಿಗೆ ದಾರಿ ಬಿಟ್ಟು ಮನೆ ಕಟ್ಟಬಹುದು. ಮಧ್ಯಾಹ್ನ ಅರ್ಧ ತಾಸಾದರೂ ಒರಗಬಹುದು. ಆ ಅರ್ಧ ತಾಸನ್ನು ಕೂಲಿಯವರಿಗೂ ಕೊಡಬೇಕು ಎಂಬುದನ್ನು ಕೆಲಸ ಕೊಡುವವರು ಯೋಚಿಸಬೇಕಾಗಿದೆ. ಅಹಮದ್ ಶಾನಂತೆ ಬೀದರ್‌ಗೆ ಹೋಗಿ ನೆಲೆಸುವುದು ಎಲ್ಲರಿಗೂ ಸಾಧ್ಯವಿಲ್ಲವಲ್ಲ!