ಹೊಗೆಗೂಡಿನೊಳಗಿನ ಬಾಲಕರು



ಸೌದೆ ಒಲೆ ಉರಿಯುವ ಅಡುಗೆಮನೆಯನ್ನು ನೀವು ಕಂಡಿದ್ದರೆ, ಅದರ ಗೋಡೆಗೂ ಜಂತೆಗೂ ಹಿಡಿದ ಮಸಿ ನಿಮಗೆ ಗೊತ್ತಿರುತ್ತದೆ. ಅಂಥ ಮಸಿ ಕಿರಿದಾದ ಇಟ್ಟಿಗೆಯ ಕೊಳವೆಯೊಳಗೆ ತಿಂಗಳುಗಟ್ಟಲೆ ಸೇರುತ್ತ ಹೋದರೆ ಏನಾಗುತ್ತದೆ? ಮೊದಲು ಹೊಗೆ ಮನೆಯೊಳಕ್ಕೆ ಮರಳುತ್ತದೆ. ಒಂದು ದಿನ ಆ ಮಸಿಗೇ ಬೆಂಕಿ ಹತ್ತಿಕೊಳ್ಳುತ್ತದೆ. ಆದ್ದರಿಂದ ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ಮನೆಯನ್ನು ಸಿದ್ಧಪಡಿಸುವುದೆಂದರೆ ಕಿಟಕಿಯ ಸಂದುಗಳನ್ನು ಮುಚ್ಚುವುದು, ಕಲ್ಲಿದ್ದಲು ಕೂಡಿಡುವುದು ಇವಷ್ಟೇ ಸಾಲದು. ಶರತ್ಕಾಲದಲ್ಲೇ ಹೊಗೆಗೂಡನ್ನು, ಅಂದರೆ ಚಿಮಣಿಯನ್ನು, ಗುಡಿಸಬೇಕಿತ್ತು. ಈ ಕೆಲಸವನ್ನು ಯಾರು ಮಾಡುತ್ತಿದ್ದರು ಎಂಬುದೇ ನಮ್ಮ ಇಂದಿನ ವಿಷಯ.

1666ರ ಮಹಾ ಅಗ್ನಿ ದುರಂತದ ನಂತರ ಲಂಡನ್ ನಗರವನ್ನು ಇಟ್ಟಿಗೆಯಿಂದ ಮತ್ತೆ ಕಟ್ಟಲಾಯಿತು. ಸೌದೆಯ ಬದಲು ಕಲ್ಲಿದ್ದಲು ಉರಿಸುವ ರೂಢಿ ಹೆಚ್ಚಿದಂತೆ ಹೊಗೆಯ ಕೊಳವೆಗಳು ಕಿರಿದಾದವು. ಹಲವು ಕೊಳವೆಗಳ ಒಳ ಅಳತೆ 14 ಅಂಗುಲಕ್ಕೆ 9 ಅಂಗುಲ ಮಾತ್ರ. ಬೇರೆ ಬೇರೆ ಕೋಣೆಗಳ ಅಗ್ಗಿಷ್ಟಿಕೆಗಳಿಂದ ಹೊರಟ ಅವು ಬಾಗಿ ತಿರುಗಿ ಮೇಲೇರುತ್ತಿದ್ದವು. ದೊಡ್ಡವರು ಅದರೊಳಗೆ ನುಗ್ಗುವಂತಿರಲಿಲ್ಲ. ಅದಕ್ಕಾಗಿ ಯಜಮಾನರು ಆರೇಳು ವರ್ಷದ ಬಡ ಮಕ್ಕಳನ್ನು ಕಸಬು ಕಲಿಸುವ ಹೆಸರಿನಲ್ಲಿ ತಂದಿಟ್ಟುಕೊಳ್ಳುತ್ತಿದ್ದರು. ಹುಡುಗ ಮೊಣಕೈ, ಮೊಣಕಾಲುಗಳನ್ನು ಗೋಡೆಗೆ ಒತ್ತಿ ಕತ್ತಲಲ್ಲಿ ತೆವಳುತ್ತ ಹತ್ತಬೇಕು. ತಲೆಯ ಮೇಲೆ ಹಿಡಿದ ಪೊರಕೆಯಿಂದ ಮಸಿ ಕೆರೆಯಬೇಕು. ತರಚಿದ ಚರ್ಮ ಗಟ್ಟಿಯಾಗಲೆಂದು ಅದಕ್ಕೆ ಉಪ್ಪುನೀರು ತಿಕ್ಕುತ್ತಿದ್ದರು. ಕೆಳಗೆ ಬಿದ್ದ ಮಸಿಯೂ ಯಜಮಾನನಿಗೆ ಲಾಭವೇ. ಅದು ಹೊಲದ ಗೊಬ್ಬರವಾಗಿ ಮಾರಾಟವಾಗುತ್ತಿತ್ತು.

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ಮುಖ್ಯ ವಿಷಯವನ್ನು ದಾಖಲಿಸಿದ. ಹೊಗೆಗೂಡು ಗುಡಿಸುವವರಿಗೆ ಮುಂದೆ ಬರುತ್ತಿದ್ದ ವೃಷಣ ಚೀಲದ ಕ್ಯಾನ್ಸರಿಗೆ ಚರ್ಮದಲ್ಲಿ ನಿಂತ ಮಸಿಯೇ ಕಾರಣ ಎಂದು ಆತ ತೋರಿಸಿದ. ಒಂದು ಕಸುಬಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಗುರುತಿಸಿದ ಮೊದಲ ವೈದ್ಯರಲ್ಲಿ ಅವನೂ ಒಬ್ಬ. 1788ರಲ್ಲಿ ಎಂಟು ವರ್ಷಕ್ಕಿಂತ ಕಿರಿಯರನ್ನು ಈ ಕೆಲಸಕ್ಕೆ ಸೇರಿಸಬಾರದೆಂಬ ಕಾನೂನು ಬಂತು. ಆದರೆ ಅದನ್ನು ಜಾರಿಗೆ ತರುವವರು ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಹುಡುಗರಿಲ್ಲದೆ ಹೊಗೆಗೂಡು ಗುಡಿಸುವ ಸಾಧನ ಬಹಳ ಹಿಂದೆಯೇ ಬಂದಿತ್ತು. ಒಂದಕ್ಕೊಂದು ಜೋಡಿಸುವ ಟೊಳ್ಳು ಕೋಲುಗಳು, ಅವುಗಳೊಳಗೆ ಹಾಯ್ದ ಹಗ್ಗ, ತುದಿಯಲ್ಲೊಂದು ಬ್ರಷ್. ಇಂಥ ಯಂತ್ರವನ್ನು ಜಾರ್ಜ್ ಸ್ಮಾರ್ಟ್ ಎಂಬಾತ 1803ರ ಸುಮಾರಿಗೇ ರೂಪಿಸಿದ್ದ. 1828ರಲ್ಲಿ ಜೋಸೆಫ್ ಗ್ಲಾಸ್ ಅದನ್ನು ಇನ್ನಷ್ಟು ಸುಧಾರಿಸಿದ. ಹಾಗಾದರೆ ತಡೆ ಯಾವುದು? ಯಂತ್ರ ಓಡಾಡುವಂತೆ ಹೊಗೆಗೂಡಿನ ಬಾಗುಗಳನ್ನು ಸರಿಪಡಿಸಲು ಮನೆಯ ಒಡೆಯರು ಹಣ ಖರ್ಚು ಮಾಡಬೇಕಿತ್ತು. ಹುಡುಗನಷ್ಟು ಚೊಕ್ಕವಾಗಿ ಯಂತ್ರ ಗುಡಿಸಲಾರದು ಎಂಬ ವಾದವೂ ಇತ್ತು. 1819ರಲ್ಲಿ ಈ ಪದ್ಧತಿಯನ್ನು ನಿಲ್ಲಿಸುವ ಮಸೂದೆಯನ್ನು ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. 1840ರ ಕಾನೂನು 21 ವರ್ಷದೊಳಗಿನ ಯಾರನ್ನೂ ಹೊಗೆಗೂಡಿಗೆ ಹತ್ತಿಸಬಾರದೆಂದಿತು. ಹತ್ತಿಸುವುದು ಮಾತ್ರ ನಿಲ್ಲಲಿಲ್ಲ.

1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಸಮೀಪದ ಫುಲ್ಬೋರ್ನ್‌ನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ 11 ವರ್ಷದ ಹುಡುಗ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಕ್ಕಿಕೊಂಡ. ಗೋಡೆ ಒಡೆದು ಹೊರತೆಗೆದರೂ ಅವನು ಬದುಕುಳಿಯಲಿಲ್ಲ. ಯಜಮಾನನಿಗೆ ಆರು ತಿಂಗಳ ಕಠಿಣ ಸಜೆಯಾಯಿತು. ಲಾರ್ಡ್ ಶಾಫ್ಟ್ಸ್‌ಬರಿ ಮತ್ತೆ ಮಸೂದೆ ತಂದರು. ಅದೇ ವರ್ಷ ಅಂಗೀಕಾರವಾದ ಕಾನೂನಿನಂತೆ ಹೊಗೆಗೂಡು ಗುಡಿಸುವ ಪ್ರತಿ ಯಜಮಾನನೂ ಪೊಲೀಸರಿಂದ ವರ್ಷ ವರ್ಷ ಪರವಾನಗಿ ಪಡೆಯಬೇಕಾಯಿತು. ನಿಗಾ ಇಡುವವರು ಬಂದ ಮೇಲೆ ಪದ್ಧತಿ ಅಳಿಯಿತು.

ಯಂತ್ರ ಬಂದದ್ದಕ್ಕೂ ಜಾರ್ಜ್ ಸತ್ತದ್ದಕ್ಕೂ ನಡುವೆ ಎಪ್ಪತ್ತು ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಇದು ದೂರದ ದೇಶದ ಹಳೆಯ ಕಥೆ ಎನಿಸಬಹುದು. ನಮ್ಮ ದೇಶದಲ್ಲಿಯೂ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂದವು. ಒಳಚರಂಡಿ ಶುಚಿಮಾಡುವ ಯಂತ್ರಗಳೂ ಬಂದವು. ಆ ಮೇಲೂ ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು ಸತ್ತ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಮುಂದೆ ಅಂಥ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿ: ಅಲ್ಲಿ ಯಂತ್ರ ಏಕಿರಲಿಲ್ಲ? ನಿಗಾ ಇಡಬೇಕಾದವರು ಎಲ್ಲಿದ್ದರು?