ಸಾಣಿಗೆಯ ಮೇಲೆ ಉಳಿದದ್ದು: ಸಗರನಾಡಿನ ಗೋಧಿ ರೊಟ್ಟಿ ಮತ್ತು ಅದರ ಪೋಷಕಾಂಶದ ಚರಿತ್ರೆ

ಸಗರನಾಡಿನಲ್ಲಿ, ಎಂದರೆ ಸುರಪುರ, ಶಹಾಪುರ, ಯಾದಗಿರಿ ಕಡೆ, ಮೊಹರಂ ಬಂತೆಂದರೆ ಮನೆಮನೆಯಲ್ಲಿ ಚೊಂಗೆ. ಗೋಧಿ ಹಿಟ್ಟಿಗೆ ಬೆಲ್ಲದ ನೀರು ಹಾಕಿ ಗಟ್ಟಿಯಾಗಿ ನಾದುತ್ತಾರೆ. ಗೆರೆ ಕೊರೆದ ಕಟ್ಟಿಗೆಯ ಮಣೆಯ ಮೇಲೆ ಕಣಕವನ್ನು ಒತ್ತಿ ಎತ್ತಿದರೆ ಮಣೆಯ ಚಿತ್ತಾರ ಅದರ ಮೈಮೇಲೆ ಇಳಿದಿರುತ್ತದೆ. ಬೆಂದ ಮೇಲೂ ಆ ಗೆರೆ ಅಳಿಯುವುದಿಲ್ಲ. ಮೊಹರಂನ ಅಲಾಯಿ ದೇವರಿಗೆ ಎಡೆ ಕೊಡುವಾಗ ಮುಸಲ್ಮಾನರ ಮನೆ, ಹಿಂದೂಗಳ ಮನೆ ಎಂಬ ಭೇದ ಈ ಸೀಮೆಯಲ್ಲಿಲ್ಲ. ಜೋಳದ ಹಿಟ್ಟಿನಲ್ಲಿ ಚೊಂಗೆ ಆಗದು. ಗೋಧಿಯ ಪ್ರೋಟೀನು ನೀರು ಕುಡಿದು ನಾದಿಸಿಕೊಂಡಾಗ ಗ್ಲುಟೆನ್ ಎಂಬ ಹಿಗ್ಗುವ ಬಲೆಯಾಗುತ್ತದೆ. ಜೋಳಕ್ಕೆ ಆ ಗುಣವಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ಜಿಗಿ ಬರಿಸಿ, ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡಬೇಕು.

ಚೊಂಗೆ, ಹೋಳಿಗೆ, ಮಾದಲಿ, ಗೋಧಿ ಹುಗ್ಗಿ, ಶಾವಿಗೆ: ಹೆಸರು ಹಿಡಿದರೆ ಸಾಕು, ಗೋಧಿ ಇಲ್ಲಿ ಹಬ್ಬದ ಕಾಳಾಗಿತ್ತೆಂದು ತಿಳಿಯುತ್ತದೆ. ದಿನದ ಊಟಕ್ಕೆ ರೊಟ್ಟಿ, ರೊಟ್ಟಿಯೆಂದರೆ ಜೋಳದ್ದೇ. ಹಬ್ಬದ ಕಾಳು ದಿನದ ಚಪಾತಿಯಾಗಿ, ಕೊನೆಗೆ ಚಹಾದಲ್ಲಿ ಅದ್ದುವ ಬ್ರೆಡ್ಡಾಗಿ ಬರುವಷ್ಟರಲ್ಲಿ ಅದರ ಸತ್ವಕ್ಕೆ ಏನಾಯಿತೆಂಬುದು ಈ ಲೇಖನದ ಪ್ರಶ್ನೆ. ಅದರ ಉತ್ತರವನ್ನು ಹಿಟ್ಟು ಹಿಡಿಯುವ ಸಾಣಿಗೆಯಲ್ಲಿ, ತಾಟಿನ ಪಕ್ಕದ ಬಟ್ಟಲಲ್ಲಿ ಹುಡುಕಬೇಕೆಂದು ನನಗೆ ಅನ್ನಿಸಿದೆ.

ಕೃಷ್ಣಾ ಭೀಮೆಯರ ನಡುವಿನ ಈ ದೋ‌ಆಬಿನಲ್ಲಿ ಬೇಸಾಯ ಬಹಳ ಹಳೆಯದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಗೆದ ಬೂದಿದಿಬ್ಬ ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ದನಗಾಹಿಗಳ ನೆಲೆ. ಆ ಕಾಲದ ದಕ್ಷಿಣದ ನೆಲೆಗಳಲ್ಲಿ ಸುಟ್ಟು ಕರಕಲಾದ ಕಾಳುಗಳನ್ನು ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಪರೀಕ್ಷಿಸಿದ್ದಾರೆ. ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ಕಿರುಧಾನ್ಯ, ಹುರುಳಿ, ಹೆಸರು. ಹಾವೇರಿ ಜಿಲ್ಲೆಯ ಹಳ್ಳೂರಿನಂಥ ನೆಲೆಗಳಲ್ಲಿ ಗೋಧಿ, ಬಾರ್ಲಿ ಇವೆ, ಆದರೆ ಸ್ವಲ್ಪ. ಗೋಧಿ ಬೇರೆ ಕಡೆಯಿಂದ ಬಂದ ಚಳಿಗಾಲದ ಬೆಳೆ. ಎರೆಭೂಮಿಯ ಹಸಿ ನಂಬಿ ಹಿಂಗಾರಿಯಲ್ಲಿ ಬೆಳೆಯಬೇಕಿತ್ತು. ಮೊದಲಿಂದಲೂ ಅದು ಇಲ್ಲಿ ಕಡಿಮೆ ಸಿಗುವ, ಅದರಿಂದಲೇ ಮಾನ ಹೆಚ್ಚಿದ ಕಾಳು.

ಆ ಮಾನ ಎಷ್ಟಿತ್ತೆಂದು ನೋಡಲು ಕಲ್ಯಾಣಕ್ಕೆ ಹೋಗಬೇಕು. ಸಗರನಾಡನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಸುಮಾರು 1129ರ ಸಂಸ್ಕೃತ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಅರಮನೆಯ ಗೋಧಿ ಭಕ್ಷ್ಯದ ಕ್ರಮವಿದೆ: ಗೋಧಿ ತೊಳೆದು, ಬಿಸಿಲಿಗೆ ಒಣಗಿಸಿ, ಬೀಸುಕಲ್ಲಿನಲ್ಲಿ ಬೀಸಿ, ಸಣ್ಣ ಜರಡಿ ಹಿಡಿದು, ತುಪ್ಪ ಉಪ್ಪು ಸೇರಿಸಿ ನಾದಿ, ಕೈಯಲ್ಲೇ ಹಿಗ್ಗಿಸಿ ಕಾದ ಮಣ್ಣಿನ ಬೋಗುಣಿಯ ಮೇಲೆ ಬೇಯಿಸುವುದು. ಇದು ಮಂಡಕ. ಬೆಳಗಾವಿ ಸೀಮೆಯ ಮದುವೆಗಳಲ್ಲಿ ಇಂದೂ ಬಡಿಸುವ ಮಂಡಿಗೆ ಅದರದೇ ವಂಶ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಾಗಲೂ ಹಿಟ್ಟಿನ ಭಕ್ಷ್ಯಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ.

ಅಡುಗೆಯ ಚರಿತ್ರೆ ಬರೆದವರು ಮಂಡಕದ ನವಿರನ್ನು ಕೊಂಡಾಡಿದ್ದಾರೆ. ನನ್ನ ಕಣ್ಣು ಮಾತ್ರ ಆ ಜರಡಿಯ ಮೇಲೆ ನಿಂತಿದೆ. ಹಿಟ್ಟು ಬೆಳ್ಳಗಾದಷ್ಟೂ ಮನೆತನ ದೊಡ್ಡದು ಎಂಬ ಎಣಿಕೆ ಒಂಬತ್ತು ನೂರು ವರ್ಷಗಳ ಹಿಂದೆಯೇ ಈ ನಾಡಿನಲ್ಲಿತ್ತು. ಮೈದಾದ ಮೋಹವನ್ನು ಬರೀ ರೋಲರ್ ಗಿರಣಿಯ ತಲೆಗೆ ಕಟ್ಟುವುದು ಸರಿಯಲ್ಲ. ಅರಮನೆಯಲ್ಲಿ ಜರಡಿಯ ಮೇಲೆ ಉಳಿದ ತೌಡಿನ ಸತ್ವವನ್ನು ತುಪ್ಪ, ಹಾಲು, ಬೇಳೆ, ಮಾಂಸ ತುಂಬಿಕೊಡುತ್ತಿದ್ದವು. ಬಡವರ ಮನೆಗೆ ಬಿಳಿ ಹಿಟ್ಟು ಬಂದದ್ದು ಎಷ್ಟೋ ಕಾಲದ ಮೇಲೆ. ತುಪ್ಪ, ಹಾಲುಗಳ ಆ ಪಂಕ್ತಿ ಅದರ ಜೊತೆ ಬರಲಿಲ್ಲ.

ಹಳ್ಳಿಯ ಗೋಧಿಯೇ ಬೇರೆಯಿತ್ತು. ಉತ್ತರ ಕರ್ನಾಟಕದಲ್ಲಿ ಸದಕ, ಜವೆಗೋಧಿ, ಕಪ್ಲಿ ಎಂದು ಕರೆಯುವುದು ಡೈಕೊಕಮ್ ಜಾತಿಯ ಗೋಧಿ. ಒಕ್ಕಿದರೂ ಇದರ ಸಿಪ್ಪೆ ಬಿಡುವುದಿಲ್ಲ, ಒರಳಲ್ಲಿ ಕುಟ್ಟಲೇಬೇಕು. ಹುಗ್ಗಿಗೆ ಕುಟ್ಟಿದ ಗೋಧಿಯಲ್ಲಿ ಹೊರಸಿಪ್ಪೆ ಹೋದರೂ ಒಳಪದರದ ತೌಡು ಬಹುಮಟ್ಟಿಗೆ ಉಳಿಯುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಮುಂತಾದ ತಳಿಗಳ ಮೂಲಕ ಈ ಜಾತಿಯನ್ನು ಉಳಿಸಿಕೊಂಡಿದೆ. ನಾರು ಹೆಚ್ಚೆಂದು, ರಕ್ತದ ಸಕ್ಕರೆಯನ್ನು ನಿಧಾನ ಏರಿಸುತ್ತದೆಂದು ಈಗ ಪೇಟೆಯವರು ಇದನ್ನು ಹೆಚ್ಚಿನ ಬೆಲೆ ಕೊಟ್ಟು ತರುತ್ತಾರೆ.

ಈ ಹಳ್ಳಿಯ ಗೋಧಿಯ ಪಕ್ಕಕ್ಕೆ ಬ್ರೆಡ್ಡು ಬಂದದ್ದು ಹೊರನಾಡಿನ ನಂಟು ಬೆಳೆದ ಮೇಲೆ. 1860ರಲ್ಲಿ ಸುರಪುರ ಹೈದರಾಬಾದಿನ ನಿಜಾಮನ ಕೈಸೇರಿತು. 1871ರಲ್ಲಿ ಮುಂಬಯಿ ಮದ್ರಾಸುಗಳ ರೈಲು ಹಳಿ ರಾಯಚೂರಿನಲ್ಲಿ ಕೂಡಿತು. ಯಾದಗಿರಿ ಆ ದಾರಿಯ ನಿಲ್ದಾಣ. ಹುದುಗು ಹಾಕಿ ಉಬ್ಬಿಸಿದ ಬ್ರೆಡ್ಡಿಗೆ ಈ ಕಡೆ ‘ಡಬಲ್ ರೋಟಿ’ ಎನ್ನುವ ಹೆಸರೇ ಅದು ಹೈದರಾಬಾದಿನ ಬಾಯಿಂದ ಬಂದಿರಬಹುದೆಂದು ಸೂಚಿಸುತ್ತದೆ. ಬಹುಕಾಲ ಅದು ಕಾಯಿಲೆಯವರ ಪಥ್ಯ, ಪ್ರಯಾಣಿಕರ ಬುತ್ತಿ.

ಇಷ್ಟರಲ್ಲಿ ಅನ್ನವನ್ನು ಅಳೆಯುವ ವಿದ್ಯೆ ಹುಟ್ಟಿತ್ತು. ವೈದ್ಯ ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ 1918ರಲ್ಲಿ ತೆರೆದ ಬೆರಿಬೆರಿ ಕಾಯಿಲೆಯ ಸಂಶೋಧನೆಯ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಮೆಕ್ಯಾರಿಸನ್ ಇಲಿಗಳಿಗೆ ಬೇರೆ ಬೇರೆ ಪ್ರಾಂತಗಳ ಊಟ ಹಾಕಿ ನೋಡಿದ. ಪಂಜಾಬಿನ ಸಿಖ್ಖರ ಊಟದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು, ಪಾಲಿಶ್ ಅಕ್ಕಿಯ ಊಟದವು ಸೊರಗಿದವು. ಗೋಧಿ ಬಲದ ಕಾಳು, ಅಕ್ಕಿ ಸೋತ ಕಾಳು ಎಂಬ ಮಾತಿಗೆ ಇದರಿಂದ ಬಹಳ ಬಲ ಬಂತು. ಆದರೆ ಆ ಸಿಖ್ಖರ ತಾಟಿನಲ್ಲಿ ಚಪಾತಿಯ ಜೊತೆ ಹಾಲು, ಬೆಣ್ಣೆ, ಬೇಳೆ, ಸೊಪ್ಪು ಇದ್ದವು. ಗೆದ್ದದ್ದು ಇಡೀ ತಾಟು.

ಜೋಳಕ್ಕೆ ಕೆಟ್ಟ ಹೆಸರು ತಂದ ಸಂಶೋಧನೆಯೂ ಹೈದರಾಬಾದಿನ ಆ ಸಂಸ್ಥೆಯದೇ. ದಖನ್ನಿನ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಕಾಣಿಸುತ್ತಿತ್ತು. ಬಿಸಿಲಿಗೆ ಒಡ್ಡಿದ ಕೈ, ಕಾಲು, ಕತ್ತಿನ ಚರ್ಮ ಕಪ್ಪಾಗಿ ಸುಲಿಯುವ ಕಾಯಿಲೆ ಅದು. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಜೋಳದಲ್ಲಿ ಮಿತಿಮೀರಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವೆಂದು ವಾದಿಸಿದರು. ಆ ವಾದ ಮುಂದೆ ಚರ್ಚೆಗೆ ಒಳಗಾಯಿತು. ಬೇಳೆ, ಮಜ್ಜಿಗೆ, ಶೇಂಗಾ ಹಿಂಡಿ ಸೇರಿದ ಊಟದಲ್ಲಿ ಜೋಳದ ಈ ದೋಷ ಸರಿದೂಗುತ್ತದೆ. ಬರೀ ರೊಟ್ಟಿ ಖಾರ ತಿನ್ನುವಂತೆ ಮಾಡಿದ ಬಡತನವನ್ನು ಕಾಳಿನ ಮೇಲೆ ಹೊರಿಸಬಾರದು.

ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕ ಹಿಡಿದು ಲೆಕ್ಕ ಹಾಕೋಣ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಪ್ರೋಟೀನು 10.57 ಗ್ರಾಂ, ನಾರು 11.36 ಗ್ರಾಂ, ಕಬ್ಬಿಣ 4.10 ಮಿಲಿಗ್ರಾಂ. ಜೋಳದಲ್ಲಿ ಕ್ರಮವಾಗಿ 9.97, 10.22, 3.95. ಎರಡರ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ಸಜ್ಜೆಯ ಕಬ್ಬಿಣ 6.42 ಮಿಲಿಗ್ರಾಂ, ಎರಡನ್ನೂ ಮೀರಿದ್ದು. ಈಗ ಮೈದಾ ನೋಡಿ: ಪ್ರೋಟೀನು 10.36 ಗ್ರಾಂ, ಹೆಚ್ಚುಕಡಿಮೆ ಅಷ್ಟೇ. ಆದರೆ ನಾರು 2.76ಕ್ಕೆ, ಕಬ್ಬಿಣ 1.77ಕ್ಕೆ ಕುಸಿಯುತ್ತವೆ, ಗೋಧಿ ಹಿಟ್ಟಿನಲ್ಲಿ ಸುಮಾರು 2.85 ಮಿಲಿಗ್ರಾಂ ಇದ್ದ ಸತು 0.88ಕ್ಕೆ ಇಳಿಯುತ್ತದೆ. 120 ಗ್ರಾಂ ಹಿಟ್ಟಿನ ನಾಲ್ಕು ಚಪಾತಿ ಉಂಡ ಹೆಂಗಸಿಗೆ ಸುಮಾರು 4.9 ಮಿಲಿಗ್ರಾಂ ಕಬ್ಬಿಣ ಸಿಕ್ಕರೆ, ಅಷ್ಟೇ ಮೈದಾದಿಂದ ಸಿಗುವುದು 2.1. ಅವಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು 2020ರ ಶಿಫಾರಸು ಹೇಳುತ್ತದೆ.

ಇಲ್ಲೊಂದು ತೊಡಕೂ ಇದೆ. ತೌಡಿನಲ್ಲಿ ಕಬ್ಬಿಣ, ಸತುವಿನ ಜೊತೆ ಅವನ್ನು ಹಿಡಿದಿಡುವ ಫೈಟೇಟ್ ಕೂಡ ಇರುತ್ತದೆ. ಹುದುಗು ಬಂದಾಗ ಫೈಟೇಟ್ ಒಡೆಯುತ್ತದೆ. ಉಬ್ಬಿದ ಬ್ರೆಡ್ಡಿಗೆ ಈ ಒಂದು ಹೆಚ್ಚಳವುಂಟು. ಅದರ ತೌಡನ್ನೇ ತೆಗೆದುಬಿಟ್ಟರೆ ಆ ಹೆಚ್ಚಳಕ್ಕೆ ಅರ್ಥವಿಲ್ಲ. ಚಪಾತಿಯ ಕಬ್ಬಿಣ ಮೈಗೆ ಹತ್ತಬೇಕಾದರೆ ಹಿಂಡಿದ ನಿಂಬೆಯಂಥ ಹುಳಿ ಜೊತೆಗಿರಬೇಕು. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ.

ಗೋಧಿ ದಿನದ ಕಾಳಾದದ್ದು 1956ರ ನಂತರ. ಆ ವರ್ಷದ ಆಗಸ್ಟಿನಲ್ಲಿ ಭಾರತ ಅಮೆರಿಕೆಯೊಡನೆ ಆಹಾರ ನೆರವಿನ ಪಿ.ಎಲ್. 480 ಕಾನೂನಿನಡಿ ಗೋಧಿಯ ಒಪ್ಪಂದ ಮಾಡಿಕೊಂಡಿತು. ನವೆಂಬರಿನಲ್ಲಿ ಸುರಪುರ, ಶಹಾಪುರ, ಯಾದಗಿರಿ ಮೂರೂ ಮೈಸೂರು ರಾಜ್ಯಕ್ಕೆ ಸೇರಿದವು. ರೇಷನ್ ಅಂಗಡಿಯ ಗೋಧಿ, ಶಾಲೆಯಲ್ಲಿ ಕೊಡುತ್ತಿದ್ದ ‘ಕೇರ್’ ನೆರವು ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಒಂದು ತಲೆಮಾರಿನ ನಾಲಿಗೆಯಲ್ಲಿ ಈಗಲೂ ಇವೆ. 1965ರಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಮಾಡರ್ನ್ ಬೇಕರೀಸ್ ತನ್ನ ಬ್ರೆಡ್ಡಿಗೆ ವಿಟಮಿನ್ನುಗಳ ಜೊತೆ ಲೈಸಿನ್ ಕೂಡ ಬೆರೆಸಿತು, ಏಕೆಂದರೆ ಗೋಧಿಯ ಪ್ರೋಟೀನಿನಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು ಆ ಅಮೈನೋ ಆಮ್ಲವೇ. ಜೋಳದ್ದೂ ಅದೇ ಕೊರತೆ. ಲೈಸಿನ್ ಧಾರಾಳವಾಗಿರುವ ತೊಗರಿ ಮಾತ್ರ ಈ ನೆಲದ ಮಗಳು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಚಪಾತಿಗೆ ಗಟ್ಟಿ ಬೇಳೆ ಹಚ್ಚಿಕೊಂಡು ಉಂಡವರಿಗೆ ಬೇಕರಿಯ ಲೈಸಿನ್ ಬೇಕಿಲ್ಲ. ಬೇಳೆಯ ಬೆಲೆ ಏರಿದಾಗ ಸಾರು ನೀರಾಗುತ್ತದೆ, ಚಪಾತಿಯ ಪ್ರೋಟೀನೂ ಅರೆಯಾಗಿ ನಿಲ್ಲುತ್ತದೆ.

ನಾರಾಯಣಪುರದ ಬಸವಸಾಗರದಿಂದ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಎರೆ ಹೊಲಗಳು ಭತ್ತಕ್ಕೆ ತಿರುಗಿದವು. ಜೋಳ ಹಿಂದೆ ಸರಿಯಿತು, ಅಕ್ಕಿ ತಾಟಿಗೆ ಬಂತು. ಪಾಲಿಶ್ ಅಕ್ಕಿಯ ಕಬ್ಬಿಣ 100 ಗ್ರಾಮಿಗೆ 0.65 ಮಿಲಿಗ್ರಾಂ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದದ್ದು ಇದೇ ಕಾರಣಕ್ಕೆ. ಅಂದು ಎದ್ದ ವಾದಗಳಲ್ಲಿ ಮೊಟ್ಟೆ ತಿನ್ನಬೇಕೇ ಬೇಡವೇ ಎಂಬುದೇ ತುಂಬಿತ್ತು. ಮಕ್ಕಳ ತಾಟಿನಲ್ಲಿ ಉಳಿದದ್ದು ಏನಿತ್ತೆಂದು ಕೇಳಿದವರು ಕಡಿಮೆ.

ಊರಿನ ಹಿಟ್ಟಿನ ಗಿರಣಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ‘ಸಣ್ಣಗೆ ಬೀಸು’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಮನೆಗೆ ತಂದ ಬೆಚ್ಚನೆಯ ಹಿಟ್ಟನ್ನು ಹೆಂಗಸರು ಸಾಣಿಗೆ ಹಿಡಿಯುತ್ತಾರೆ. ಚಪಾತಿ ಮೆತ್ತಗಾಗಲಿ, ಮಕ್ಕಳು ಮಧ್ಯಾಹ್ನ ಡಬ್ಬಿ ತೆರೆದಾಗಲೂ ಬಿರುಸಾಗದಿರಲಿ ಎಂಬ ಅಕ್ಕರೆಯಿಂದ. ಕಂದು ಬಣ್ಣದ ತೌಡು ಸಾಣಿಗೆಯ ಮೇಲೆ ಉಳಿಯುತ್ತದೆ. ಅದನ್ನು ಮುಷ್ಟಿಯಲ್ಲಿ ಬಾಚಿ, ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಬಾನಿಗೆ ಸುರಿದು ಬರುತ್ತಾರೆ.