ಮಣ್ಣಲ್ಲದ ಮಣ್ಣಿನ ಕಥೆ

ಪಾಲಿಮರ್ ಕ್ಲೇ ಓಲೆ, ಜುಮುಕಿ, ಮಣಿಸರಗಳನ್ನು ನೀವೂ ನೋಡಿರುತ್ತೀರಿ. ಹೆಸರಲ್ಲೇ ಕ್ಲೇ ಇದೆಯಲ್ಲ, ಇದೂ ಒಂದು ಥರದ ಮಣ್ಣೇ ಇರಬೇಕು ಅನ್ನಿಸುತ್ತೆ. ಆದರೆ ಇದು ಮಣ್ಣಲ್ಲ ಮಾರಾಯ್ರೇ, ಪ್ಲಾಸ್ಟಿಕ್! ನಲ್ಲಿ ಪೈಪಿಗೆ ಬಳಸುವ ಅದೇ ಪಿವಿಸಿಯ ನುಣ್ಣನೆ ಪುಡಿ, ಅದನ್ನು ಮೆದುವಾಗಿಡುವ ಎಣ್ಣೆಯಂಥ ದ್ರವ, ಜೊತೆಗೆ ಬಣ್ಣ. ಕುಂಬಾರರ ಮಣ್ಣಿನ ಹಾಗೆ ನೀರಾರಿ ಗಟ್ಟಿಯಾಗುವುದಲ್ಲ ಇದು. ಓವನ್‌ನಲ್ಲಿಟ್ಟು ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಟ್ಟರೆ ಪುಡಿಯ ಕಣಗಳು ಆ ದ್ರವವನ್ನು ಹೀರಿ, ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಇದು ಹುಟ್ಟಿದ ಕಥೆ ಇನ್ನೂ ಮಜವಾಗಿದೆ. ಜರ್ಮನಿಯ ಬಾಡ್ ಕೋಸೆನ್‌ನಲ್ಲಿ ಕೇಟೆ ಕ್ರೂಸೆ ಎಂಬ ಹೆಣ್ಣುಮಗಳು ಗೊಂಬೆ ಕಾರ್ಖಾನೆ ನಡೆಸುತ್ತಿದ್ದರು. ಅವರ ಬಟ್ಟೆ ಗೊಂಬೆಗಳು 1910ರ ಹೊತ್ತಿಗೇ ಹೆಸರು ಮಾಡಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ಗೊಂಬೆಯ ತಲೆಗೆ ಬೇಕಾದ ಸಾಮಗ್ರಿಗೆ ಬರ ಬಂತು. ಬದಲಿಗೆ ಬಂದ ಪ್ಲಾಸ್ಟಿಕ್ ಹಿಟ್ಟು ಕಾರ್ಖಾನೆಯ ಕೆಲಸಕ್ಕೆ ಒಗ್ಗಲಿಲ್ಲ. ಆದರೆ ಮಗಳು ಸೋಫಿ ಅದನ್ನು ಬಿಸಾಡಲಿಲ್ಲ. ತನ್ನ ಕರಕುಶಲ ಕೆಲಸಕ್ಕೆ ಬಳಸಿ, ಹದ ಮಾಡಿ, 1950ರ ದಶಕದಲ್ಲಿ 'ಫಿಫಿ ಮೊಸಾಯಿಕ್' ಅಂತ ಮಾರಾಟಕ್ಕೂ ತಂದಳು. ಫಿಫಿ ಅನ್ನೋದು ಅವಳ ಮನೆಹೆಸರಲ್ಲ, ಮುದ್ದಿನ ಹೆಸರು. 1964ರಲ್ಲಿ ಎಬರ್‌ಹಾರ್ಡ್ ಫಾಬರ್ ಕಂಪನಿ ಅದನ್ನು ಕೊಂಡುಕೊಂಡಿತು. ಅದೇ ಮುಂದೆ ಜಗತ್ತಿಗೆಲ್ಲ ಗೊತ್ತಾದ 'ಫಿಮೊ'.

ಇತ್ತ ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಟ್ರಾನ್ಸ್‌ಫಾರ್ಮರಿನ ಒಳಗಿನ ಶಾಖವನ್ನು ಹೊರಗೆ ಸಾಗಿಸಲು ಅಂತ ಒಂದು ಮಿಶ್ರಣ ತಯಾರಿಸಿದರು. ಅದೂ ಆ ಕೆಲಸಕ್ಕೆ ಬರಲಿಲ್ಲ. ಆದರೆ ಕೈಯಲ್ಲಿ ತಿದ್ದಿ, ಬೇಯಿಸಿದರೆ ಗಟ್ಟಿಯಾಗುತ್ತೆ ಅಂತ ಗೊತ್ತಾಗಿ 'ಸ್ಕಲ್ಪಿ' ಆಯಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಎರಡೂ ಕಡೆ ಟೆಸ್ಟಿಂಗ್‌ನಲ್ಲಿ ಫೇಲ್ ಆದ ಮಾಲು :-)

ಅದಕ್ಕೆ ಒಡವೆಯ ಮರ್ಯಾದೆ ತಂದುಕೊಟ್ಟವರು ಕಲಾವಿದರು. 1980ರ ದಶಕದಲ್ಲಿ ಅಮೆರಿಕದ ಪಿಯರ್ ವೌಲ್ಕೋಸ್ ಮುಂತಾದವರು ಇಟಲಿಯ ಗಾಜಿನ ಮಣಿ ಮಾಡುವವರ 'ಮಿಲ್ಲೆಫಿಯೋರಿ' ವಿದ್ಯೆಯನ್ನು ಇದಕ್ಕೆ ಅಳವಡಿಸಿದರು. ನಮ್ಮ ಪತ್ರೊಡೆ ನೆನಪಿಸಿಕೊಳ್ಳಿ: ಸುರುಳಿ ಸುತ್ತಿ ಬೇಯಿಸಿ ಕೊಯ್ದರೆ ಪ್ರತಿ ಬಿಲ್ಲೆಯಲ್ಲೂ ಅದೇ ಚಿತ್ತಾರ. ಇಲ್ಲಿ ಮಾತ್ರ ಕೊಯ್ಯುವುದು ಮೊದಲು, ಬೇಯಿಸುವುದು ಆಮೇಲೆ. ತಮಾಷೆ ಅಂದರೆ ಪಿಯರ್ ಅವರ ತಂದೆ ಪೀಟರ್ ವೌಲ್ಕೋಸ್ ನಿಜವಾದ ಜೇಡಿಮಣ್ಣಿನ ಕೆಲಸಕ್ಕೆ ಪ್ರಸಿದ್ಧರು. 1991ರಲ್ಲಿ ನ್ಯಾನ್ ರೋಶ್ ಬರೆದ 'ದಿ ನ್ಯೂ ಕ್ಲೇ' ಪುಸ್ತಕ ಈ ಕಸುಬನ್ನು ಮನೆಮನೆಯ ಮೇಜಿಗೆ ತಂದಿತು. 2011ರಲ್ಲಿ ವಿಸ್ಕಾನ್ಸಿನ್‌ನ ರೇಸಿನ್ ಆರ್ಟ್ ಮ್ಯೂಸಿಯಂ ಇದಕ್ಕಾಗಿಯೇ ದೊಡ್ಡ ಪ್ರದರ್ಶನ ಏರ್ಪಡಿಸಿತು.

ನನ್ನನ್ನು ಕಾಡುವುದು ಇಷ್ಟೇ. ಪ್ಲಾಸ್ಟಿಕ್‌ನ ಚರಿತ್ರೆ ಅಂದರೆ ನಮಗೆ ಕಂಪನಿ, ಪ್ರಯೋಗಾಲಯ, ಪೇಟೆಂಟು ಅಷ್ಟೇ ನೆನಪಾಗುತ್ತವೆ. ಆದರೆ ಈ ಹಿಟ್ಟು ಯಾತಕ್ಕೆ ಅಂತ ಕಂಡುಹಿಡಿದದ್ದು, ಮೇಜಿನ ಮುಂದೆ ಕೂತು ಅದನ್ನು ನಾದಿ ನೋಡಿದ ಕೈಗಳು. ಅಂಥ ಒಬ್ಬಳ ಹೆಸರಲ್ಲಿ ಡಬ್ಬಿಯ ಮೇಲೆ ಉಳಿದಿರುವುದು 'ಫಿ' ಅನ್ನೋ ಒಂದಕ್ಷರ ಮಾತ್ರ.

ಅಂದಹಾಗೆ, ಮನೆಯಲ್ಲಿ ಮಾಡುವವರಿಗೊಂದು ಕಿವಿಮಾತು: ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಬಿಸಿ ಕೊಡಬೇಡಿ. ಪಿವಿಸಿ ಸೀದರೆ ಕೆಟ್ಟ ಹೊಗೆ ಬರುತ್ತೆ. ಮುರಿದ ಓಲೆಯನ್ನು ಹಿತ್ತಲಿಗೆ ಎಸೆದರೆ ಮಣ್ಣಾಗಿಬಿಡುತ್ತೆ ಅಂತಲೂ ತಿಳಿಯಬೇಡಿ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಮಣ್ಣು ಅನ್ನಲು ನನಗೆ ಮನಸ್ಸಿಲ್ಲ. ನನ್ನ ಓಟು 'ಫಿಫಿ ಹಿಟ್ಟು'ಗೆ. ನಿಮಗೇನಾದರೂ ಹೊಳೆದರೆ ತಿಳಿಸಿ.